ಎದ್ದು ನಿಂತರೆ ಸಾಕು

ಶಿರಸಿ
೧೫ ಫೆಬ್ರವರಿ ೨೦೦೮

ಯಲ್ಲಾಪುರದಲ್ಲಿರುವ ನಮ್ಮ ಮನೆಯವರಿಗೆ ದೇವಕಿ ಮಾಡುವ ನಮಸ್ಕಾರ.

ಮನೆ ಬೇರೆಯಾಗಿ ಇಪ್ಪತ್ತು ವರ್ಷದ ಮೇಲಾದರೂ ‘ಮನೆಯವರು’ ಎಂಬುದಕ್ಕೆ ಬದಲಿ ಶಬ್ದ ನನಗೆ ಸಿಗಲಿಲ್ಲ. ಇತಿಹಾಸ ಕಲಿಸುವ ನಿಮಗೇನಾದರೂ ಹೊಳೆದರೆ ತಿಳಿಸಿ. ಇಲ್ಲಿ ನಾನು, ವೆಂಕಮ್ಮ, ಶ್ರೀಲಕ್ಷ್ಮಿ ಮೂವರೂ ಕ್ಷೇಮ. ನಿಮ್ಮ ಮಂಡಿನೋವು ಹೆಚ್ಚಾಗಿದೆ ಎಂದು ನಿಮ್ಮ ತಂಗಿ ಜಯಾ ಹೇಳಿದಳು. ನೋವಿನೆಣ್ಣೆ ಹಚ್ಚಿ ಬಿಸಿನೀರು ಹಾಕಿಕೊಳ್ಳಿ, ಹಾಗೇ ಬಿಡಬೇಡಿ.

ಜಯಾ ಕಳೆದ ಭಾನುವಾರ ಬಂದಿದ್ದಳು. ಶ್ರೀಲಕ್ಷ್ಮಿಯ ಮದುವೆಯಲ್ಲಿ ನನ್ನ ಪಕ್ಕ ಕೂತು ಧಾರೆ ಎರೆಯಲು ನೀವು ಒಪ್ಪಿದ್ದೀರಂತೆ. ಹಿಂದಿನ ಮಾತು ಬರಬಾರದೆಂಬ ಒಂದೇ ಶರತ್ತಂತೆ, “ಹಳೇದನ್ನ ಯಾರೂ ಎತ್ಲಾಗ.” ಕೇಳಿ ನನಗೆ ಸಂತೋಷವೇ ಆಯಿತು, ಸುಳ್ಳು ಏಕೆ ಹೇಳಲಿ. ಹುಡುಗಿ ಮೊದಲೇ ಹೇಳಿಬಿಟ್ಟಿದ್ದಾಳೆ, “ಅಮ್ಮ, ನಿಂಗ ಇಬ್ರೂ ಕೂತ್ರೆ ಧಾರೆ. ಇಲ್ದಿದ್ರೆ ರಿಜಿಸ್ಟರ್ ಆಫೀಸು ಇದ್ದು.” ಆಗಲಿ ಎಂದು ನಿಮಗೆ ಎರಡು ಸಾಲು ಬರೆದು ಹಾಕಿದರೆ ಮುಗಿಯುತ್ತಿತ್ತು. ಬರೆಯಲು ಕೂರುವಷ್ಟರಲ್ಲಿ ನಿಮ್ಮ ರೇಡಿಯೋ ಭಾಷಣ ಬಂತು.

ಮಂಗಳವಾರ ಸಂಜೆ ಹೊಲಿಗೆ ಮಷಿನ್ ಮುಂದೆ ಕೂತಿದ್ದೆ. ಅಕಸ್ಮಾತ್ತಾಗಿ ರೇಡಿಯೋ ಹಾಕಿದರೆ ನಿಮ್ಮ ದನಿ. ಮಷಿನ್ ಸದ್ದಿನಲ್ಲಿ ಅರ್ಧ ಕೇಳಿಸಿತು, ಅರ್ಧ ಇಲ್ಲ. ಕೇಳಿಸಿದಷ್ಟರ ಮೇಲೆ ಬರೆಯುತ್ತಿದ್ದೇನೆ.

ಮುನ್ನೂರೈವತ್ತು ವರ್ಷದ ಹಿಂದಿನ ಅಮೆರಿಕದ ಮಾತು ಹೇಳಿದಿರಿ. ತಮ್ಮ ದೇವರನ್ನು ತಮಗೆ ಸರಿಕಂಡ ಹಾಗೆ ಪೂಜಿಸಬೇಕೆಂದು ಇಂಗ್ಲೆಂಡು ಬಿಟ್ಟು ಸಮುದ್ರ ದಾಟಿದ ಪ್ಯೂರಿಟನ್ ಜನ, ಅಲ್ಲಿ ಊರು ಕಟ್ಟಿದ ಮೇಲೆ ಬೇರೆಯವರನ್ನು ಅವರ ಪಾಡಿಗೆ ಪೂಜಿಸಲು ಬಿಡಲಿಲ್ಲ ಎಂದಿರಿ. ಚರ್ಚಿಗೆ ಬಾರದವರಿಗೆ ದಂಡ. ತಪ್ಪು ಮಾಡಿದವರ ಕಾಲನ್ನು ತೂತು ಕೊರೆದ ಹಲಗೆಗೆ ಸಿಕ್ಕಿಸಿ ಪೇಟೆಯ ನಡುವೆ ಕೂರಿಸುವುದು. ಹಡಗಿನವನೊಬ್ಬ ಮೂರು ವರ್ಷದ ಮೇಲೆ ಮನೆಗೆ ಬಂದವನು ಹೊಸ್ತಿಲಲ್ಲೇ ಹೆಂಡತಿಗೆ ಮುತ್ತಿಟ್ಟನಂತೆ, ಅಂದು ಭಾನುವಾರವಾಗಿತ್ತೆಂದು ಅವನನ್ನೂ ಕೂರಿಸಿದರೆಂಬ ಕತೆ ಇದೆಯಂತೆ. ಮುತ್ತು ಎಂಬ ಶಬ್ದ ನಿಮ್ಮ ಬಾಯಲ್ಲಿ ಬಂದದ್ದು ಕೇಳಿ ನನಗೆ ನಗು ತಡೆಯಲಾಗಲಿಲ್ಲ. ಆ ಊರಿನಲ್ಲಿ ನೀವಿದ್ದಿದ್ದರೆ ಆ ಒಂದು ಶಿಕ್ಷೆಯಂತೂ ನಿಮಗೆ ಯಾವತ್ತೂ ಆಗುತ್ತಿರಲಿಲ್ಲ.

ಮದುವೆಯಾಗಿ ಒಂಬತ್ತು ತಿಂಗಳು ತುಂಬುವ ಮೊದಲೇ ಮಗುವಾದರೆ ಗಂಡ ಹೆಂಡತಿ ಇಬ್ಬರೂ ಚರ್ಚಿನಲ್ಲಿ ಎಲ್ಲರೆದುರು ನಿಂತು ತಪ್ಪೊಪ್ಪಿಕೊಳ್ಳಬೇಕಿತ್ತು, ಆಮೇಲೆಯೇ ಮಗುವಿಗೆ ದೀಕ್ಷಾಸ್ನಾನ ಎಂದೂ ಹೇಳಿದಿರಿ. ಇಬ್ಬರೂ ಎಂದಿರಲ್ಲ, ಅದು ನನಗೆ ಹೊಸದು. ನಮ್ಮ ದೇವಸ್ಥಾನದ ಚಂದ್ರಶಾಲೆಯಲ್ಲಿ, ಜಾತಿಯ ಸಭೆಯೆದುರು, ವೆಂಕಮ್ಮ ಒಬ್ಬಳೇ ನಿಂತಿದ್ದಳು. ಗಂಡ ತೀರಿಕೊಂಡ ಮೇಲೆ ಬಸಿರಾದವಳು. ಬಸಿರು ಮಾಡಿದ ಅವಳ ಮೈದುನ ಹಿರಿಯರ ಸಾಲಿನಲ್ಲಿ ಎಲೆಯಡಿಕೆ ಕವಳ ಹಾಕುತ್ತ ಕೂತಿದ್ದ. ಅದು ಊರಿಗೆಲ್ಲ ಗೊತ್ತಿತ್ತು, ನಿಮಗೂ ಗೊತ್ತಿತ್ತು.

ಇದನ್ನೆಲ್ಲ ಈಗ ಬರೆಯುವುದೇಕೆ ಎನ್ನುತ್ತೀರಿ. ನಿಮ್ಮ ಕಡೆಯ ಮಾತು ಅವರಿವರ ಬಾಯಿಂದ ನನಗೆ ಎಷ್ಟೋ ಸಲ ಬಂದು ಮುಟ್ಟಿದೆ. ನನ್ನ ಕಡೆಯದನ್ನು ನೀವು ಒಮ್ಮೆಯೂ ಕೇಳಲಿಲ್ಲ.

ವೆಂಕಮ್ಮನನ್ನು ಜಾತಿಯಿಂದ ಹೊರಗಿಟ್ಟ ಮೇಲೆ ಅವಳು ತೋಟದಂಚಿನ ಹುಲ್ಲಿನ ಕೊಟ್ಟಿಗೆಯಲ್ಲಿ ಹಡೆದಳು. ಹಡೆಯುವಾಗ ನಾನು ಹೋಗಿ ಅವಳನ್ನು ಹಿಡಿದುಕೊಂಡೆ. ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಿದೆ, ಅವಳಿಗೆ ಕಾಳುಮೆಣಸಿನ ಕಷಾಯ ಮಾಡಿ ಕೊಟ್ಟೆ. ನನಗೆ ಅದರಲ್ಲಿ ಶೌರ್ಯವೇನೂ ಕಾಣಲಿಲ್ಲ, ಬಾಣಂತಿ ನರಳುತ್ತಿದ್ದಳು, ಹೋದೆ. ಸಭೆಯ ಹಿರಿಯರಾದ ವಿಘ್ನೇಶ್ವರ ಭಟ್ಟರು ಹೇಳಿಕಳಿಸಿದರು, ದೇವಕಿ ದೇವರ ಮುಂದೆ ತೆಂಗಿನಕಾಯಿ ಇಟ್ಟು, ತಪ್ಪುಕಾಣಿಕೆ ಹಾಕಿ, ತಪ್ಪಾಯಿತೆಂದು ಜನರೆದುರು ಹೇಳಬೇಕು. ಇಲ್ಲದಿದ್ದರೆ ನಮ್ಮ ಮನೆಗೂ ಕರೆಯಿಲ್ಲ, ಪಂಕ್ತಿಯಲ್ಲಿ ಎಲೆಯಿಲ್ಲ. ನಾನು ಆಗುವುದಿಲ್ಲ ಎಂದೆ. ಜಯಾಳ ಲಗ್ನ ಗೊತ್ತಾಗಿತ್ತು, ನಿಮ್ಮ ಹೆದರಿಕೆ ನನಗೆ ಅರ್ಥವಾಗದೆ ಇರಲಿಲ್ಲ.

ಆಮೇಲೆ ಒಂದು ದಿನ ನಾನು ಕೊಟ್ಟಿಗೆಯಿಂದ ಬಂದು ಜಗುಲಿಯಲ್ಲಿ ಕೂತಾಗ ನೀವು ದೇವಸ್ಥಾನದಿಂದ ಪ್ರಸಾದ ತಂದು ನನ್ನ ಕೈಯಲ್ಲಿಟ್ಟಿರಿ. ಹಸಿದಿದ್ದೆ. ಬಾಳೆಹಣ್ಣು ಅರ್ಧ ತಿಂದ ಮೇಲೆ ನೀವು ಹೇಳಿದಿರಿ, “ಎಲ್ಲಾ ಸರಿಯಾತು, ಇನ್ನು ಯಾರೂ ಎಂತದೂ ಹೇಳ್ತ್ವಿಲ್ಲೆ.” ನನ್ನ ಪರವಾಗಿ ನೀವೇ ಕಾಯಿ ಇಟ್ಟು, ನನ್ನ ಹೆಂಡತಿ ತಪ್ಪು ಮಾಡಿದಳು, ಅವಳಿಗೆ ತಿಳಿವಳಿಕೆ ಸಾಲದು ಎಂದು ಸಭೆಯಲ್ಲಿ ಹೇಳಿ ಬಂದಿದ್ದಿರಿ. ಉಳಿದರ್ಧ ಹಣ್ಣನ್ನು ಎಲ್ಲಿಟ್ಟೆನೋ ನೆನಪಿಲ್ಲ. ಮರುದಿನ ಬೆಳಗ್ಗೆ ವೆಂಕಮ್ಮ, ಕೂಸು, ನಾನು ಸಿದ್ದಾಪುರದ ಬಸ್ಸು ಹತ್ತಿ, ಅಲ್ಲಿಂದ ಶಿರಸಿಗೆ ಬಂದೆವು. ಸಭೆ ಶಿಕ್ಷೆ ಕೊಟ್ಟಿತೆಂದು ನಾನು ಮನೆ ಬಿಟ್ಟೆ ಎಂದು ಎಲ್ಲರೂ ತಿಳಿದಿದ್ದಾರೆ. ಆ ಶಿಕ್ಷೆಯನ್ನು ನಿಮ್ಮ ಜೊತೆಯಲ್ಲಿ ಎಷ್ಟು ವರ್ಷ ಬೇಕಾದರೂ ಅನುಭವಿಸುತ್ತಿದ್ದೆ. ನಾನು ಮಾಡಿದ ಒಂದು ಒಳ್ಳೆಯ ಕೆಲಸವನ್ನು ನೀವು ತಪ್ಪು ಎಂದು ಒಪ್ಪಿ ಬಂದಿರಿ, ಅದನ್ನು ತಾಳಲಾಗಲಿಲ್ಲ.

ಇಲ್ಲಿ ಮೊದಮೊದಲು ಕಷ್ಟವಾಯಿತು, ಆಮೇಲೆ ಅಭ್ಯಾಸವಾಯಿತು. ನಾನು ಹೊಲಿದೆ, ವೆಂಕಮ್ಮ ಹಪ್ಪಳ ಸಂಡಿಗೆ ಮಾಡಿ ಅಂಗಡಿಗೆ ಹಾಕಿದಳು. ಕೂಸು ಅವಳನ್ನು ಆಯಿ ಎಂದಿತು, ನನ್ನನ್ನು ಅಮ್ಮ ಎಂದಿತು. ಆ ಕೂಸು ಶ್ರೀಲಕ್ಷ್ಮಿ ಈಗ ಕೋರ್ಟಿನಲ್ಲಿ ವಕೀಲೆ, ಮನೆಯಲ್ಲೂ ವಾದ ಬಿಡುವುದಿಲ್ಲ. ಹುಡುಗ ಸುಹಾಸ ಮಂಚಿಕೇರಿಯವನು. ಅವರ ಮನೆಯವರಿಗೆ ಎಲ್ಲ ಗೊತ್ತು. ಧಾರೆಗೆ ದಂಪತಿಯೇ ಬೇಕೆಂದು ಪುರೋಹಿತರು ಹೇಳಿದಾಗ, ಹೆತ್ತವಳೇ ಎರೆಯಲಿ ಎಂದು ನಾನು ಜಗಳಕ್ಕೇ ನಿಂತಿದ್ದೆ. ವೆಂಕಮ್ಮನೇ ನನ್ನ ಸೆರಗು ಹಿಡಿದು ಕೂರಿಸಿದಳು. “ಆ ಜನರ ಎದ್ರಿಗೆ ಆನು ಒಂದ್ಸಲ ನಿಂತಿದ್ದು ಸಾಕು. ಇನ್ನು ನಿಲ್ತ್ನಿಲ್ಲೆ,” ಎಂದಳು. ಅವಳಿಗೆ ಒತ್ತಾಯ ಮಾಡುವ ಹಕ್ಕು ನನಗಿಲ್ಲ.

ಆ ಜನ ಬರುತ್ತಾರೆ. ಬುಧವಾರ ನಾನೇ ಊರಿಗೆ ಹೋಗಿ, ಅಂದು ನಮ್ಮನ್ನು ಕರೆಯದೆ ಬಿಟ್ಟ ಒಂದೊಂದು ಮನೆಯನ್ನೂ ಬಿಡದೆ ಮದುವೆಗೆ ಕರೆದು ಬಂದೆ. ವಿಘ್ನೇಶ್ವರ ಭಟ್ಟರು ಹಾಸಿಗೆಗೂ ಕುರ್ಚಿಗೂ ನಡುವೆ ಇದ್ದಾರೆ. ಬೆಲ್ಲ ನೀರು ಕೊಡಿಸಿದರು. “ಆಗಿನ ಕಾಲ ಹಂಗಿತ್ತು ತಂಗಿ, ಎಂತ ಮಾಡದು,” ಎಂದರು. ನಾನು ನೀರು ಕುಡಿದು ಎದ್ದು ಬಂದೆ.

ನಿಮ್ಮ ಭಾಷಣದಲ್ಲೂ ಆ ಮಾತು ಬಂತು, ಅಂದಿನ ಕಾಲಧರ್ಮ ಎಂದಿರಿ. ಆದರೆ ಅಲ್ಲಿಗೆ ನಿಲ್ಲಿಸಲಿಲ್ಲ. ಮಾಟಗಾತಿಯರೆಂದು ನಿರಪರಾಧಿಗಳನ್ನು ಗಲ್ಲಿಗೇರಿಸಿದ ನ್ಯಾಯಾಧೀಶರಲ್ಲಿ ಒಬ್ಬನ ಮಾತು ತೆಗೆದಿರಿ. ಐದು ವರ್ಷದ ಬಳಿಕ ಅವನು ಚರ್ಚಿನಲ್ಲಿ ಎಲ್ಲರ ನಡುವೆ ಎದ್ದು ನಿಂತನಂತೆ. ಆ ತೀರ್ಪಿನ ದೋಷವೂ ನಾಚಿಕೆಯೂ ತನ್ನದೆಂದು ಅವನು ಬರೆದುಕೊಟ್ಟದ್ದನ್ನು ಪಾದ್ರಿ ಓದುವವರೆಗೂ ತಲೆ ತಗ್ಗಿಸಿ ನಿಂತೇ ಇದ್ದನಂತೆ. ಅವನ ಕಾಲವೂ ಹಾಗೇ ಇತ್ತಲ್ಲ. ‘ನಿಂತೇ ಇದ್ದ’ ಎಂದು ಹೇಳಿ ನೀವು ತಡೆದಿರಿ. ರೇಡಿಯೋ ಕೆಟ್ಟಿತೇನೋ ಎಂದುಕೊಂಡೆ. ಆಮೇಲೆ ಕೆಮ್ಮಿ, ಬೇರೆ ವಿಷಯಕ್ಕೆ ಹೋದಿರಿ. ನಿಮ್ಮ ಆ ಕೆಮ್ಮು ನನಗೆ ಗೊತ್ತು.

ಆದ್ದರಿಂದ ನಿಮ್ಮ ಶರತ್ತಿಗೆ ನಾನು ಒಪ್ಪುವುದಿಲ್ಲ. ಹಳೆಯದನ್ನು ಎತ್ತುತ್ತೇನೆ. ಧಾರೆಗೆ ಮುಂಚೆ, ಎಲ್ಲರೂ ಕೂತಿರುವಾಗ, ನೀವು ಒಂದೇ ವಾಕ್ಯ ಹೇಳಬೇಕು, ‘ಅಂದು ದೇವಕಿ ಮಾಡಿದ್ದು ತಪ್ಪಲ್ಲ, ನಾನು ಕಾಯಿ ಇಟ್ಟದ್ದು ತಪ್ಪು.’ ವೆಂಕಮ್ಮ ಒಳಗಿನಿಂದ ಕೇಳಿಸಿಕೊಳ್ಳಲಿ. ಶ್ರೀಲಕ್ಷ್ಮಿ ಕೇಳಲಿ, ತಾನು ಯಾರ ತಪ್ಪೂ ಅಲ್ಲವೆಂದು ಅವಳಿಗೆ ಆ ಜನರೆದುರೇ ತಿಳಿಯಬೇಕು. ತರಗತಿಯಲ್ಲಿ ತಾಸುಗಟ್ಟಲೆ ಮಾತಾಡುವ ನಿಮಗೆ ಮನೆಯವರೆದುರು ಬಾಯಿ ಬರುವುದಿಲ್ಲ, ಅದೂ ನನಗೆ ಗೊತ್ತು. ಮಾತು ಹೊರಡದಿದ್ದರೆ ಬೇಡ, ಎದ್ದು ನಿಂತರೆ ಸಾಕು. ಅಂದು ನನ್ನ ಪರವಾಗಿ ನೀವು ಹೇಳಿ ಬಂದಿರಿ. ಈ ಸಲ ನಿಮ್ಮ ಪರವಾಗಿ ನಾನು ಹೇಳುತ್ತೇನೆ, ನೀವು ಕೇಳುತ್ತ ನಿಂತಿರಿ.

ಅದಾಗದು ಎಂದಾದರೆ ಬರಬೇಡಿ. ನಾನು ಸಿಟ್ಟು ಮಾಡುವುದಿಲ್ಲ. ಹುಡುಗಿ ಹೇಳಿದ ಹಾಗೆ ಆ ಕಚೇರಿ ಇದ್ದೇ ಇದೆ.

ಹೆಚ್ಚಿಗೆ ಬರೆಯಲು ಏನಿಲ್ಲ. ಮಂಡಿಗೆ ಎಣ್ಣೆ ಮರೆಯಬೇಡಿ, ನಿಲ್ಲುವ ಕೆಲಸವಿದೆ.

ಇಂತು,
ಹೆಸರಿನ ಮುಂದಿನ ನಿಮ್ಮ ಹೆಸರನ್ನು ಇನ್ನೂ ತೆಗೆಯದ
ದೇವಕಿ ಶಾಂತಾರಾಮ ಹೆಗಡೆ

ತಾ.ಕ.: ರೇಡಿಯೋ ಅಕಸ್ಮಾತ್ತಾಗಿ ಹಾಕಿದೆ, ಅರ್ಧ ಕೇಳಿಸಲಿಲ್ಲ ಎಂದು ಬರೆದದ್ದು ನಿಜವಲ್ಲ. ನಿಮ್ಮ ಭಾಷಣ ಇರುವ ದಿನ ನಾನು ಮಷಿನ್ ನಿಲ್ಲಿಸಿ ಕೂರುತ್ತೇನೆ, ಮೊದಲಿನಿಂದಲೂ ಹಾಗೆಯೇ. ಅದು ನಿಂತದ್ದು ಕೇಳಿದರೆ ವೆಂಕಮ್ಮ ಏನೂ ಕೇಳದೆ ಹಿತ್ತಿಲಿಗೆ ಹೋಗುತ್ತಾಳೆ. ಧಾರೆಗೆ ಎರಡು ಮಣೆ ಹಾಕಲು ಹೇಳಿದ್ದೇನೆ. ನೀವು ನಿಂತಾಗ ಪಕ್ಕದಲ್ಲಿ ನಾನೂ ನಿಂತಿರುತ್ತೇನೆ, ಒಬ್ಬರೇ ನಿಲ್ಲುವುದು ಹೇಗಿರುತ್ತದೆಂದು ವೆಂಕಮ್ಮ ನನಗೆ ಹೇಳಿದ್ದಾಳೆ.