ಶಿವಲೀಲಾ ಟೀಚರ್ ಕೂತ ಪರೀಕ್ಷೆ

ಗದಗ
ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರ ಎಂಬತ್ತೇಳು

ನಮಗಿಂತ ಮೊದಲು ಬದುಕಿದವರಿಗೆ ವಂದನೆಗಳು.

ತಾರೀಖು ನೋಡಿ ಬರೆದವಳ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ತಿಂಗಳುಗಳನ್ನೆಲ್ಲ ಸಮ ಮಾಡಿದಾಗ ನಮ್ಮ ಫೆಬ್ರವರಿಗೂ ಮೂವತ್ತು ದಿನ ಸಿಕ್ಕವು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಬಹುದು. ಅದಕ್ಕೆ ಕ್ಷಮೆ ಇರಲಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ನನ್ನ ಹೆಸರು ದಾಕ್ಷಾಯಣಿ ಲಕ್ಕುಂಡಿ. ಮೂವತ್ತೊಂದು ವರ್ಷ ಈ ಊರಿನ ಅಳತೆಮನೆಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಎಪ್ಪತ್ತು ದಾಟಿದವರ ನೆನಪು ಮತ್ತು ತಿಳಿವಳಿಕೆಯನ್ನು ಅಳೆಯುವ ಕಚೇರಿಗೆ ಅಳತೆಮನೆ ಎನ್ನುತ್ತೇವೆ. ನೀವು ಅರಳುಮರಳು ಎನ್ನುತ್ತಿದ್ದುದು ನಮ್ಮಲ್ಲಿ ಮಸುಕು.

ಅಳೆಯುವುದು ಹೀಗೆ. ಗಾಜಿನ ಹಲಗೆಯೊಂದರ ಮೇಲೆ ಮೂವತ್ತು ಪ್ರಶ್ನೆಗಳು ಒಂದೊಂದಾಗಿ ಮೂಡುತ್ತವೆ, ಹಿರಿಯರು ಸರಿ ಉತ್ತರದ ಮೇಲೆ ಬೆರಳಿಡಬೇಕು. ಹದಿನೆಂಟಕ್ಕಿಂತ ಕಡಿಮೆ ಬಂದರೆ ಎರಡು ಸಂಗತಿ ನಡೆಯುತ್ತವೆ. ಮೊದಲನೆಯದು, ಅವರ 'ಸ್ವಂತ ಕೈ' ಮುಚ್ಚುತ್ತದೆ. ಅಂದರೆ ಅವರ ಹೆಬ್ಬೆರಳಿಗೆ ಮನೆಯ ಒಲೆ ಹೊತ್ತುವುದಿಲ್ಲ, ಔಷಧದ ಡಬ್ಬಿ ತೆರೆಯುವುದಿಲ್ಲ, ಬ್ಯಾಂಕಿನಲ್ಲಿ ಸಹಿ ನಡೆಯುವುದಿಲ್ಲ. ಎರಡನೆಯದು, ಮನೆಗೆ ಕಲಿಕೆಪೆಟ್ಟಿಗೆ ಬರುತ್ತದೆ. ಚಹಾ ಮಾಡುವುದು, ಮಾತ್ರೆ ತೆಗೆದುಕೊಳ್ಳುವುದು, ಬಸ್ಸು ಹತ್ತುವುದು, ಇಂಥ ದಿನನಿತ್ಯದ ಕೆಲಸಗಳನ್ನು ಅದು ಹಂತಹಂತವಾಗಿ ಹೇಳಿಕೊಡುತ್ತದೆ. ಚಹಾಕ್ಕೆ ಏಳು ಹಂತ. ಮೊದಲ ವಾರ ಪೆಟ್ಟಿಗೆ ಏಳನ್ನೂ ಹೇಳುತ್ತದೆ, ಎರಡನೇ ವಾರ ಒಂದನ್ನು ಬಿಡುತ್ತದೆ, ಮೂರನೇ ವಾರ ಇನ್ನೊಂದನ್ನು. ಬಿಟ್ಟ ಜಾಗವನ್ನು ಕಲಿಯುವವರೇ ತುಂಬಬೇಕು. ನಮ್ಮ ಊರಿನಲ್ಲಿ ನೀರು ಈಗಲೂ ನಾಲ್ಕು ದಿನಕ್ಕೊಮ್ಮೆ ಬರುತ್ತದೆ. ಹಾಗಾಗಿ ನಲ್ಲಿ ಬಂದ ದಿನ ಕೊಡ ತುಂಬಿಸುವುದೂ ಗದಗಿನ ಪೆಟ್ಟಿಗೆಯಲ್ಲಿ ಒಂದು ಪಾಠ.

ಫಕೀರಪ್ಪ ಸೂಡಿ ಅವರು ನಲವತ್ತು ವರ್ಷ ಊರಿನ ನೀರಿನ ವಾಲ್ವು ತಿರುಗಿಸಿದವರು. ಯಾವ ಓಣಿಗೆ ಯಾವ ದಿನ ನೀರು ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ಎಪ್ಪತ್ತೆಂಟನೇ ವಯಸ್ಸಿನ ಅಳತೆಯಲ್ಲಿ ಅವರಿಗೆ ಇಪ್ಪತ್ತೇಳು ಬಂತು, ಮರುವರ್ಷ ಒಂಬತ್ತು. ಅವರ ಕೈ ಮುಚ್ಚಿತು, ಪೆಟ್ಟಿಗೆ ಮನೆಗೆ ಹೋಯಿತು. ಆರು ತಿಂಗಳ ನಂತರ ಮರು ಅಳತೆಯಲ್ಲೂ ಒಂಬತ್ತೇ ಬಂದದ್ದು ನೋಡಿ ನಾನು ಹಲಗೆಯ ಒಳದಾಖಲೆ ತೆರೆದೆ. ಬೆರಳು ಓಡಾಡಿದ ದಾರಿಯೆಲ್ಲ ಅದರಲ್ಲಿ ಉಳಿದಿರುತ್ತದೆ. ತಪ್ಪಾದ ಇಪ್ಪತ್ತೊಂದು ಉತ್ತರಗಳ ಪೈಕಿ ಹತ್ತೊಂಬತ್ತರಲ್ಲಿ ಅವರ ಬೆರಳು ಮೊದಲು ಸರಿ ಉತ್ತರದ ಹತ್ತಿರ ಹೋಗಿ, ಅರೆಗಳಿಗೆ ನಿಂತು, ಆಮೇಲೆ ಬೇರೆ ಕಡೆ ಸರಿದಿತ್ತು. ಮನುಷ್ಯ ಬೇಕೆಂದೇ ಸೋಲುತ್ತಿದ್ದ.

ಸುಳ್ಳು ಮಸುಕು ತೋರಿಸಿದವರ ಮನೆಯಿಂದ ಏಳು ದಿನದೊಳಗೆ ಪೆಟ್ಟಿಗೆ ವಾಪಸು ತರಬೇಕೆಂಬುದು ನಿಯಮ. ಅದನ್ನು ತರಲೆಂದೇ ಹೋದೆ.

ಬಾಗಿಲು ತೆರೆದವರು ಅವರ ಹೆಂಡತಿ ಶಿವಲೀಲಾ. ಮೂವತ್ತಾರು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು, ವಯಸ್ಸು ಎಪ್ಪತ್ತಾರು. ಆ ಕಾಲಕ್ಕೆ ಅಳತೆಗೆ ಬರಲೇಬೇಕೆಂಬ ಕಾನೂನು ಇರಲಿಲ್ಲ. ಅವರ ತಾಯಿಯನ್ನು ಹಿಂದೊಮ್ಮೆ ಅಳೆದು, ಕಡಿಮೆ ಅಂಕ ಬಂತೆಂದು ಆರೈಕೆಮನೆಗೆ ಕಳಿಸಿದ್ದರಂತೆ. ಆ ಪದ್ಧತಿ ಯಾವಾಗಲೋ ನಿಂತಿದ್ದರೂ ಶಿವಲೀಲಾ ಹಲಗೆಯ ಹತ್ತಿರವೂ ಸುಳಿದವರಲ್ಲ. ನನ್ನನ್ನು ಕೂರಿಸಿ ಯಾವ ಊರೆಂದು ಕೇಳಿದರು. ಪಾಠದ ಹೊತ್ತಾಗಿತ್ತು, ಗಂಡನನ್ನು ಒಲೆಯ ಮುಂದೆ ನಿಲ್ಲಿಸಿ ತಾವು ಪಕ್ಕದಲ್ಲಿ ನಿಂತರು. ಒಲೆ ಹೊತ್ತಿಸಿದ್ದು ಶಿವಲೀಲಾ ಅವರ ಹೆಬ್ಬೆರಳೇ. ಆ ಮನೆಯಲ್ಲಿ ತೆರೆದಿದ್ದ ಕೈ ಅದೊಂದೇ.

ನೀರು ಕುದಿಯಿತು. ಪೆಟ್ಟಿಗೆ ಮುಂದಿನ ಹಂತ ಹೇಳದೆ ಸುಮ್ಮನಾಯಿತು. ಫಕೀರಪ್ಪನವರೂ ಸುಮ್ಮನೆ ಹೆಂಡತಿಯ ಮುಖ ನೋಡಿದರು.

"ಹೇಳ್ರಿ, ಈಗ ಏನ್ ಹಾಕಬೇಕು?" ಎಂದರು ಶಿವಲೀಲಾ. ಅವರ ದನಿ ಗಟ್ಟಿಯಾಗಿತ್ತು, ಕಣ್ಣು ಮಾತ್ರ ಕಟ್ಟೆಯ ಮೇಲಿನ ಡಬ್ಬಿಗಳ ನಡುವೆ ಅಲೆಯುತ್ತಿತ್ತು. ಬಹಳ ಹೊತ್ತಾಯಿತು. ಗಂಡ ಕದಲಲಿಲ್ಲ. ಕೊನೆಗೆ ಶಿವಲೀಲಾ ಅವರ ಮುಖ ಅರಳಿತು. "ಚಾಪುಡಿ! ಎಷ್ಟ್ ಸಲ ಹೇಳಬೇಕ್ರಿ ನಿಮಗ?"

"ತಪ್ಪಾತು ಬಿಡ," ಎಂದು ಫಕೀರಪ್ಪ ಪುಡಿ ಹಾಕಿದರು. ಅವರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಪಾಠ ಮುಗಿದ ಮೇಲೂ ಒಲೆ ಉರಿಯುತ್ತಲೇ ಇತ್ತು. ಫಕೀರಪ್ಪ ಕೈ ಚಾಚಿ ಆರಿಸಿದರು. ಆರಿಸಲು ಯಾರ ಹೆಬ್ಬೆರಳಾದರೂ ಆದೀತು. ಚಹಾ ಕೊಡುತ್ತ ಶಿವಲೀಲಾ ಮತ್ತೆ ನನ್ನನ್ನು ಯಾವ ಊರೆಂದು ಕೇಳಿದರು. ಕಪ್ಪು ಒಯ್ಯುವಾಗ ಮೂರನೇ ಸಲ ಕೇಳಿದರು.

ಗೇಟಿನವರೆಗೆ ಬಂದ ಫಕೀರಪ್ಪ ದನಿ ತಗ್ಗಿಸಿದರು. "ಬಾಯಾರ, ನಿಮಗ ಗೊತ್ತಾಗೇತಿ ಅನ್ನೋದು ನನಗೂ ಗೊತ್ತಾಗೇತಿ. ಆಕಿ ಪರೀಕ್ಷಾಕ್ಕ ಕುಂದ್ರಂಗಿಲ್ಲ, ಸತ್ರೂ ಕುಂದ್ರಂಗಿಲ್ಲ. ನಾ ಫೇಲಾದ್ರ ಪೆಟ್ಟಿಗಿ ಮನಿಗೆ ಬರತೈತಿ. ಪೆಟ್ಟಿಗಿ ಬಂದ್ರ ಆಕಿ ನನಗ ಕಲಸಾಕ ನಿಂದರತಾಳ. ಕಲಿಸಿ ಕಲಿಸಿ ಆಕಿಗೇ ಬರತೈತಿ. ನನಗ ಬ್ಯಾರೆ ದಾರಿ ತಿಳೀಲಿಲ್ರಿ."

ಪೆಟ್ಟಿಗೆ ತರದೆ ಹಿಂತಿರುಗಿದೆ. ವರದಿಯಲ್ಲಿ ಇದ್ದದ್ದನ್ನೇ ಬರೆದೆ: ಈತ ನಟಿಸಿದ್ದು ನಿಜ, ಮಸುಕು ಇರುವುದು ಪಕ್ಕದಲ್ಲಿ ನಿಂತವರಿಗೆ, ಪಾಠದಿಂದ ಅವರಿಗೆ ಉಪಯೋಗವಾಗುತ್ತಿದೆ, ಪೆಟ್ಟಿಗೆ ಅಲ್ಲೇ ಇರಲಿ. ಅಳತೆಯಾಗದವರ ಹೆಸರಿಗೆ ಪೆಟ್ಟಿಗೆ ಕೊಡಲಾಗದು ಎಂದು ಮೇಲಧಿಕಾರಿ ಒಂದೇ ಸಾಲಿನಲ್ಲಿ ಉತ್ತರಿಸಿದರು. ನಿಯಮದ ಪ್ರಕಾರ ಅವರು ಹೇಳಿದ್ದು ಸರಿ. ಏಳು ದಿನದ ಗಡುವಿನಲ್ಲಿ ಇನ್ನು ನಾಲ್ಕು ದಿನ ಉಳಿದಿದ್ದವು. ಫಕೀರಪ್ಪನವರಿಗೆ ತಿಳಿಸಿದೆ. ಹೆಂಡತಿಗೆ ತಾವೇ ಹೇಳುತ್ತೇನೆಂದರು.

ಹೇಳಿದಾಗ ಏನಾಯಿತೆಂದು ಆಮೇಲೆ ಅವರಿಂದಲೇ ಕೇಳಿದೆ. ಶಿವಲೀಲಾ ಅಳಲಿಲ್ಲ. "ನನ್ನ ಸಲುವಾಗಿ ಮಂದಿ ಮುಂದ ದಡ್ಡ ಆದ್ರೇನ್ರೀ?" ಎಂದಷ್ಟೇ ಕೇಳಿ ಕೋಣೆಗೆ ಹೋದರಂತೆ. ಮೂರು ದಿನ ಗಂಡನೊಂದಿಗೆ ಮಾತಿಲ್ಲ. ಪಾಠವೂ ನಡೆಯಲಿಲ್ಲ, ಚಹಾವನ್ನು ಪಕ್ಕದ ಮನೆಯವರು ಕೊಟ್ಟರು.

ನಾಲ್ಕನೇ ದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಸೀರೆ ಉಟ್ಟು ಅಳತೆಮನೆಗೆ ಬಂದರು. ಫಕೀರಪ್ಪ ಹತ್ತು ಹೆಜ್ಜೆ ಹಿಂದೆ ಬರುತ್ತಿದ್ದರು.

"ಕೊಡ್ರಿ ನಿಮ್ಮ ಹಲಗಿ," ಎಂದರು ಶಿವಲೀಲಾ. "ಮೂವತ್ತಾರು ವರ್ಷ ಮಂದಿ ಮಕ್ಕಳಿಗೆ ಪರೀಕ್ಷಾ ಕೊಟ್ಟೀನಿ. ಒಂದು ನಾನೂ ಬರೀತೀನಿ."

ಐವತ್ತು ನಿಮಿಷ ತೆಗೆದುಕೊಂಡರು. ಎರಡು ಸಲ ಹಲಗೆಯನ್ನು ಮಗುಚಿಟ್ಟು ಕಿಟಕಿಯ ಕಡೆ ತಿರುಗಿ ಕೂತರು, ಮತ್ತೆ ಎತ್ತಿಕೊಂಡರು. ಹದಿನಾಲ್ಕು ಬಂತು. ಅಂಕವನ್ನು ಹಿರಿಯರಿಗೆ ನೇರವಾಗಿ ತೋರಿಸುವ ರೂಢಿ ನಮ್ಮಲ್ಲಿ ಇಲ್ಲ. ಅವರು ಕೈ ಚಾಚಿದರು, ನಾನು ತೋರಿಸಿದೆ. ತುಟಿಯಲ್ಲೇ ಏನೋ ಲೆಕ್ಕ ಹಾಕಿದರು.

"ಮೂವತ್ತಕ್ಕ ಹದಿನಾಲ್ಕು. ಪಾಸಾತಲ್ರಿ! ನಮ್ಮ ಸಾಲ್ಯಾಗ ಮೂವತ್ತೈದು ಪರ್ಸೆಂಟ್ ಇದ್ರ ಮುಂದಿನ ಕ್ಲಾಸಿಗೆ ಕಳಸತಿದ್ವಿ." ಬಾಗಿಲ ಬಳಿ ನಿಂತಿದ್ದ ಗಂಡನತ್ತ ತಿರುಗಿದರು. "ನಿಮಗ ಒಂಬತ್ತು ಬಂದಿತ್ತಲ್ಲ? ನಡೀರಿ ಮನಿಗೆ. ನಿಮ್ಮ ಪಾಠ ಭಾಳ ಉಳದೈತಿ."

ಅಂದಿನಿಂದ ಅವರ ಕೈ ಮುಚ್ಚಿತು, ಫಕೀರಪ್ಪನವರ ಕೈ ತೆರೆಯಿತು. ಪೆಟ್ಟಿಗೆ ಶಿವಲೀಲಾ ಅವರ ಹೆಸರಿಗೆ ಬಂದರೂ ಅವರು ಒಮ್ಮೆಯೂ ವಿದ್ಯಾರ್ಥಿಯಾಗಿ ಅದರ ಮುಂದೆ ನಿಲ್ಲಲಿಲ್ಲ. ನಾಲ್ಕು ವರ್ಷ ಗಂಡನಿಗೆ ಕಲಿಸಿದರು. ಮೊದಲ ಎರಡು ವರ್ಷ ಏಳು ಹಂತವೂ ಅವರ ಬಾಯಲ್ಲಿದ್ದವು. ಆಮೇಲೆ ಐದಾದವು, ಮೂರಾದವು. ಕೊನೆಕೊನೆಗೆ ಹಂತಗಳು ಹೋಗಿ ಬೈಗುಳವಷ್ಟೇ ಉಳಿಯಿತು, ಅದನ್ನು ಮಾತ್ರ ಅವರು ಸರಿಯಾದ ಜಾಗದಲ್ಲೇ ಹೇಳುತ್ತಿದ್ದರು. ಎಂಬತ್ತೊಂದನೇ ವಯಸ್ಸಿನಲ್ಲಿ, ತಮ್ಮ ಮನೆಯಲ್ಲೇ ತೀರಿಕೊಂಡರು. ಈಗ ಎಲ್ಲ ಅಳತೆಯಲ್ಲೂ ಪಕ್ಕದಲ್ಲಿ ಕೂರುವವರ ಹೆಸರನ್ನೂ ಬರೆಯಬೇಕು, ಪಾಠವನ್ನು ಇಬ್ಬರಿಗೂ ಕೊಡಬೇಕು. ಆ ನಿಯಮ ಬಂದದ್ದು ಅವರು ಹೋಗಿ ಎರಡು ವರ್ಷಕ್ಕೆ.

ಇಂಥ ಹಲಗೆಗಳನ್ನು ಮೊದಲು ಮಾಡಲು ಹೊರಟವರು ನೀವು ಎಂದು ನಮ್ಮ ಹಳೆಯ ಕಡತಗಳು ಹೇಳುತ್ತವೆ. ಆದ್ದರಿಂದ ಒಂದು ಕೋರಿಕೆ. ಕಡಿಮೆ ಅಂಕ ಬಂದ ತಕ್ಷಣ ಮನುಷ್ಯನ ಕೈ ಮುಚ್ಚಬೇಡಿ. ಮೊದಲು ಅವರ ಅಡುಗೆಮನೆಗೆ ಹೋಗಿ, ಒಂದು ತಾಸು ಸುಮ್ಮನೆ ಕೂತು ಬನ್ನಿ. ನಾವು ಅದನ್ನು ತಡವಾಗಿ ಕಲಿತೆವು.

ಬರುವ ಸೋಮವಾರ ನನ್ನದೇ ಅಳತೆ ಇದೆ. ಈಚೆಗೆ ಪರಿಚಿತರ ಹೆಸರುಗಳು ಬೇಗ ಬಾಯಿಗೆ ಬರುತ್ತಿಲ್ಲ. ಪಕ್ಕದಲ್ಲಿ ಕೂರುವವರ ಹೆಸರನ್ನು ಅರ್ಜಿಯಲ್ಲಿ ಬರೆಯಬೇಕಿತ್ತು. ನಾನು ಒಂಟಿಯಾಗಿ ಇರುವವಳು, ಆ ಜಾಗವನ್ನು ಎರಡು ವಾರ ಖಾಲಿ ಬಿಟ್ಟಿದ್ದೆ. ನಿನ್ನೆ ಫಕೀರಪ್ಪನವರನ್ನು ಕೇಳಿದೆ. ಅವರಿಗೀಗ ತೊಂಬತ್ತು, ಕೋಲು ಹಿಡಿದು ನಡೆಯುತ್ತಾರೆ.

"ಬರತೀನ್ರಿ ಬಾಯಾರ," ಎಂದರು. "ಆದ್ರ ನಿಮ್ಮ ಉತ್ತರ ನೀವ ಹೇಳಬೇಕು ಮತ್ತ. ನಾ ಬರೇ ಕುಂತಿರತೀನಿ."

ಇತಿ,
ದಾಕ್ಷಾಯಣಿ ಲಕ್ಕುಂಡಿ