ನಿಮ್ಮ ಠಾಣೆ ಪಾಸಾದ ಪರೀಕ್ಷೆ

ಮಾನ್ಯ ಪೊಲೀಸ್ ಮುಖ್ಯಸ್ಥರೇ,

ನಿಮ್ಮ ಇಲಾಖೆಯ ಅಧಿಕೃತ ಪುಟದಲ್ಲಿ ಹೆಮ್ಮೆಯಿಂದ ಹಾಕಿಕೊಂಡಿರುವ ಒಂದು ವಿಡಿಯೊವನ್ನು ತೆಗೆದುಹಾಕಿ ಎಂದು ಕೇಳಲು ಈ ಪತ್ರ. ಖಾಸಗಿಯಾಗಿ ಕೇಳಿಯಾಯಿತು. ‘ಸಾರ್ವಜನಿಕರಿಂದ ಒಳ್ಳೆಯ ಪ್ರತಿಕ್ರಿಯೆ ಬರುತ್ತಿದೆ’ ಎಂದು ನಿಮ್ಮ ಕಚೇರಿ ಉತ್ತರಿಸಿತು. ಸಾರ್ವಜನಿಕರ ಮೇಲೆ ನಿಮಗೆ ಅಷ್ಟು ಗೌರವವಿರುವುದರಿಂದ ಈಗ ಅವರೆದುರೇ ಕೇಳುತ್ತಿದ್ದೇನೆ.

ಆ ವಿಡಿಯೊ ಮಾಡಿದವನಂಥವರ ಪರಿಚಯ ನಮ್ಮೂರಿಗೆ ಚೆನ್ನಾಗಿಯೇ ಇದೆ. ಎದೆಗೆ ಕ್ಯಾಮೆರಾ ಕಟ್ಟಿಕೊಂಡು ಪೊಲೀಸ್ ಠಾಣೆ, ಅಂಚೆ ಕಚೇರಿ, ಜೈಲಿನ ಗೇಟು ಎಂದು ಅಲೆಯುತ್ತಾರೆ. ತಮ್ಮನ್ನು ಹಕ್ಕುಗಳ ಪರೀಕ್ಷಕರೆಂದು ಕರೆದುಕೊಳ್ಳುತ್ತಾರೆ. ಯಾರಾದರೂ ಸಿಟ್ಟಾದರೆ ಅವರ ದಿನದ ದುಡಿಮೆ ಆದಂತೆ. ಸಿಟ್ಟಾಗದಿದ್ದರೆ ಇನ್ನೊಂದು ಹೆಜ್ಜೆ ಹತ್ತಿರ ಹೋಗುತ್ತಾರೆ. ಚಳಿಗಾಲದಲ್ಲಿ ನಮ್ಮ ಕೆರೆಯ ಮಂಜುಗಡ್ಡೆ ಕೊರೆದು ಗಾಳ ಹಾಕಿ ಕೂರುವವನಿಗಾದರೂ ಮೀನಿನ ಬಗ್ಗೆ ಒಂದಿಷ್ಟು ಮರ್ಯಾದೆ ಇರುತ್ತದೆ.

ನ್ಯಾಯವಾಗಿಯೇ ಮಾತಾಡಬೇಕು. ಪೊಲೀಸರನ್ನು ಚಿತ್ರೀಕರಿಸುವ ಹಕ್ಕು ಬೇಕೆನ್ನುವವರಲ್ಲಿ ನಾನೂ ಒಬ್ಬಳು. ರಸ್ತೆಯಲ್ಲಿ ನಿಂತ ಯಾರದೋ ಫೋನು ಇಲ್ಲದಿದ್ದರೆ ಈ ದೇಶದಲ್ಲಿ ಎಷ್ಟು ಸಾವುಗಳು ಸದ್ದಿಲ್ಲದೆ ಮುಚ್ಚಿಹೋಗುತ್ತಿದ್ದವೋ. ಹಾಗಿದ್ದಮೇಲೆ ಈ ಮನುಷ್ಯನನ್ನು ಕಂಡರೆ ನನಗೇಕೆ ಇಷ್ಟು ಹೇಸಿಗೆ? ಅವನ ಮಾತಿನ ಧಾಟಿ ಹಿಡಿಸಲಿಲ್ಲವೆಂದೇ? ಹಲವು ದಿನ ನನ್ನನ್ನೇ ಕೇಳಿಕೊಂಡೆ. ಅದಲ್ಲ. ಆ ಫೋನು ಹಿಡಿದವರು ಕಣ್ಣೆದುರು ನಡೆಯುತ್ತಿದ್ದ ಅನ್ಯಾಯ ಕಂಡು ನಿಂತವರು. ಇವನು ಏನೂ ನಡೆಯದ ಕಡೆಗೆ, ಏನಾದರೂ ನಡೆಯಲಿ ಎಂದು ಬಂದವನು.

ಆದರೆ ನಿಮ್ಮ ಠಾಣೆಯ ಮುಂಗೋಣೆಯಲ್ಲಿ ಭಾನುವಾರ ಸಂಜೆ ಏನೂ ನಡೆಯುವುದಿಲ್ಲ ಎನ್ನುವಂತಿಲ್ಲ. ಬೇರೆಯಾದ ಅಪ್ಪ ಅಮ್ಮಂದಿರು ಅಲ್ಲಿ ಮಕ್ಕಳನ್ನು ಒಬ್ಬರಿಂದೊಬ್ಬರಿಗೆ ಒಪ್ಪಿಸುತ್ತಾರೆ. ಮನೆ ಬಾಗಿಲಲ್ಲಾದರೆ ಜಗಳ, ಅಥವಾ ಅದಕ್ಕಿಂತ ಕೆಟ್ಟದ್ದು. ಹಾಗಾಗಿ ನ್ಯಾಯಾಲಯವೇ ಅವರನ್ನು ನಿಮ್ಮ ಸೂರಿನ ಕೆಳಗೆ ಕಳಿಸುತ್ತದೆ. ನನ್ನ ಸಹೋದ್ಯೋಗಿಯೂ ಅವರಲ್ಲೊಬ್ಬಳು. ರೊವೆನಾ ಎನ್ನೋಣ, ಅದು ಅವಳ ಹೆಸರಲ್ಲ. ಅವಳ ಮನೆ ಎಲ್ಲಿದೆಯೆಂದು ಮಾಜಿ ಗಂಡನಿಗೆ ತಿಳಿಯಕೂಡದೆಂದು ನ್ಯಾಯಾಲಯದ ಆದೇಶವಿದೆ. ಅದು ಯಾಕೆಂದು ಅವಳ ಎಡಗೈ ನೋಡಿದವರಿಗೆ ಹೇಳಬೇಕಾಗಿಲ್ಲ. ಅವಳು ಮೊದಲೇ ಬಂದು ಠಾಣೆಯ ಹಿಂದೆ ಕಾರು ನಿಲ್ಲಿಸುತ್ತಾಳೆ. ಅವನು ಮುಂಬಾಗಿಲಿಂದ ಬಂದು, ಮುಂಬಾಗಿಲಿಂದಲೇ ಹೋಗಬೇಕು.

ಆ ಭಾನುವಾರ ಮೊದಲ ಸಲ ನಾನೂ ಜೊತೆಗೆ ಹೋಗಿದ್ದೆ. ಮಾಜಿ ಗಂಡ ಇನ್ನೂ ಬಂದಿರಲಿಲ್ಲ. ಬಂದವನು ಈ ಪರೀಕ್ಷಕ.

“ಸ್ವಲ್ಪ ಕ್ಯಾಮೆರಾ ಆ ಕಡೆ ತಿರುಗಿಸ್ತೀರಾ? ಮಗು ಇದೆ ಇಲ್ಲಿ,” ಎಂದಳು ರೊವೆನಾ.

“ಸಾರ್ವಜನಿಕ ಜಾಗ ಮೇಡಂ ಇದು. ಮಗು ಏನಾದ್ರೂ ಕದ್ದಿದ್ಯಾ, ಇಷ್ಟು ಹೆದರ್ತೀರಲ್ಲ?”

ಅವಳು ಕೌಂಟರಿನತ್ತ ತಿರುಗಿದಳು. “ಸಾರ್ಜೆಂಟ್, ನೀವಾದ್ರೂ ಒಂದ್ಮಾತು ಹೇಳಿ.”

ಸಾರ್ಜೆಂಟ್ ಕುರ್ಚಿಯಿಂದ ಅರ್ಧ ಎದ್ದರು. ಆಮೇಲೆ ಏನೋ ನೆನಪಾದವರಂತೆ ಮತ್ತೆ ಕೂತರು. “ನಮ್ಮ ಠಾಣೆಗೆ ಸ್ವಾಗತ ಸರ್,” ಎಂದು ಕ್ಯಾಮೆರಾಕ್ಕೆ ಮುಗುಳ್ನಕ್ಕರು.

“ನೋಡ್ರಪ್ಪಾ,” ಎಂದ ಅವನು, ತನ್ನ ವೀಕ್ಷಕರಿಗೆ. “ಸಾರ್ಜೆಂಟ್ ಸಾಹೇಬ್ರಿಗೆ ಕಾನೂನು ಗೊತ್ತು. ಈಯಮ್ಮಂಗೆ ಯಾರಾದ್ರೂ ಪಾಠ ಹೇಳಿ.”

ಆರು ವರ್ಷದ ಮಗುವಿಗೆ ಖುಷಿಯೋ ಖುಷಿ. “ಅಂಕಲ್, ನಾನು ಟೀವೀಲಿ ಬರ್ತೀನಾ?”

“ಬರ್ತೀಯ ಪುಟ್ಟಿ, ಫೇಮಸ್ ಆಗ್ತೀಯ. ಹೆಸರೇನು ಹೇಳು?”

ರೊವೆನಾ ಕಿರುಚಿದ್ದು ಆಗ. ನಾನು ಕೋಟು ಬಿಚ್ಚಿ ಮಗುವಿಗೆ ಅಡ್ಡ ಹಿಡಿದೆ. ಅವನಿಗೆ ಬೇಕಾದದ್ದು ಸಿಕ್ಕಿತ್ತು. ಪೊಲೀಸರು ಕೊಡದ ಸಿಟ್ಟನ್ನು ಒಬ್ಬ ತಾಯಿ ಕೊಟ್ಟಿದ್ದಳು.

ಅವನು ಹೋದ ಮೇಲೆ, ಯಾಕೆ ಎದ್ದು ಬರಲಿಲ್ಲವೆಂದು ಸಾರ್ಜೆಂಟರನ್ನು ಕೇಳಿದೆ. “ಎದ್ದು ಬಂದಿದ್ರೆ ನನ್ನ ಮೇಲೇ ವಿಚಾರಣೆ ಆಗ್ತಿತ್ತು ಮೇಡಂ,” ಎಂದರು ಅವರು, ನನ್ನ ಮುಖ ನೋಡದೆ. “ಕೆಣಕೋರು ಬಂದ್ರೆ ನಗು, ಕೂತಿರು ಅಂತ ಹೇಳ್ಕೊಟ್ಟಿದ್ದಾರೆ.” ಹಿಂದೊಮ್ಮೆ ನಿಮ್ಮವರೊಬ್ಬರು ಇಂಥವನ ಫೋನು ಕಿತ್ತುಕೊಂಡು ನಗರಕ್ಕೆ ದಂಡ ಬಿದ್ದದ್ದು ಎಲ್ಲರಿಗೂ ಗೊತ್ತು. ಅದರಿಂದ ನೀವು ಕಲಿತ ಪಾಠ ಇಷ್ಟೇ ಏನು? ಫೋನು ಕಿತ್ತುಕೊಳ್ಳುವುದಕ್ಕೂ, ನಗುತ್ತಾ ಕೂತಿರುವುದಕ್ಕೂ ನಡುವೆ, ಎದ್ದು ಬಂದು ಒಂದು ಮಗುವನ್ನು ಒಳಕೋಣೆಗೆ ಕರೆದೊಯ್ಯುವ ದಾರಿಯೊಂದು ನಿಮ್ಮ ತರಬೇತುದಾರರಿಗೆ ಹೊಳೆಯಲಿಲ್ಲವೇ? ಅವನು ಚಿತ್ರೀಕರಿಸುವುದನ್ನು ತಡೆಯುವ ಹಕ್ಕು ನಿಮಗಿಲ್ಲ, ಒಪ್ಪಿದೆ. ಬಾಗಿಲೊಂದನ್ನು ತೆರೆಯುವ ಹಕ್ಕೂ ಇಲ್ಲವೇ?

ಇಷ್ಟಾದರೂ ನಾನು ಸುಮ್ಮನಿರುತ್ತಿದ್ದೆನೇನೋ. ಪರೀಕ್ಷಕ ತನ್ನ ವಿಡಿಯೊದ ಕೊನೆಯಲ್ಲಿ ನಿಮ್ಮ ಠಾಣೆಗೆ ನೂರಕ್ಕೆ ನೂರು ಅಂಕ ಕೊಟ್ಟ. ನೀವು ಪರೀಕ್ಷೆ ಪಾಸಾದ ಮಗುವಿನಂತೆ ಓಡಿಬಂದು ಆ ಅಂಕಪಟ್ಟಿಯನ್ನು ಊರಿಗೆಲ್ಲ ತೋರಿಸಿದಿರಿ. ‘ನಮ್ಮ ಸಿಬ್ಬಂದಿಯ ಸಂಯಮಕ್ಕೆ ಸಾಕ್ಷಿ’ ಎಂದು ಬರೆದು ಇಡೀ ವಿಡಿಯೊವನ್ನು ನಿಮ್ಮ ಪುಟದಲ್ಲಿ ಹಂಚಿದಿರಿ. ಅದನ್ನು ಮೊದಲಿನಿಂದ ನೋಡಿದಿರಾ? ಅದು ಶುರುವಾಗುವುದು ಠಾಣೆಯ ಹಿಂದಿನ ಅಂಗಳದಲ್ಲಿ. ಅವನು ಪೊಲೀಸ್ ವಾಹನಗಳನ್ನು ಒಂದೊಂದಾಗಿ ತೋರಿಸುತ್ತಾ ರೊವೆನಾಳ ಕಾರಿನ ಮುಂದೆ ಬರುತ್ತಾನೆ. ಗಾಜಿಗೆ ಅಂಟಿಸಿದ ಪಾರ್ಕಿಂಗ್ ಚೀಟಿಯ ಮೇಲೆ ಅವಳ ಅಪಾರ್ಟ್‌ಮೆಂಟಿನ ಹೆಸರು ಸ್ಪಷ್ಟವಾಗಿ ಕಾಣುತ್ತದೆ. ಕೆಲವೇ ನಿಮಿಷಗಳ ನಂತರ ಅವಳೂ ಮಗಳೂ ಕಾಣುತ್ತಾರೆ. ಆ ಪರೀಕ್ಷಕನ ಚಾನೆಲ್ ನಮ್ಮೂರಲ್ಲಿ ಎಷ್ಟು ಜನ ನೋಡುತ್ತಾರೋ ನಾನರಿಯೆ. ನಿಮ್ಮ ಪುಟವನ್ನು ಎಲ್ಲರೂ ನೋಡುತ್ತಾರೆ, ಹಿಮ ಬಿದ್ದಾಗ ಯಾವ ರಸ್ತೆ ಮುಚ್ಚಿದೆ ಎಂದು ತಿಳಿಯಲು.

ಅದೇ ವಾರ ಅವಳ ಅಪಾರ್ಟ್‌ಮೆಂಟಿನ ಎದುರು ಮಾಜಿ ಗಂಡನ ಪಿಕಪ್ ಟ್ರಕ್ ನಿಂತಿತ್ತು. ಅವನು ಇಳಿಯಲಿಲ್ಲ. ಎಂಜಿನ್ ಆಫ್ ಮಾಡದೆ ಕೂತಿದ್ದು ಹೋದ. ರೊವೆನಾ ಈಗ ಅಲ್ಲಿಲ್ಲ. ಎಲ್ಲಿದ್ದಾಳೆಂದು ಬರೆಯುವಷ್ಟು ಪಾರದರ್ಶಕಳು ನಾನಲ್ಲ. ಈ ಪತ್ರ ಓದಿ ಇನ್ನಷ್ಟು ಜನ ಆ ವಿಡಿಯೊ ಹುಡುಕಬಹುದೆಂಬ ಅಳುಕು ನನಗಿದೆ. ಆದರೆ ನೋಡಬಾರದವನು ಆಗಲೇ ನೋಡಿಯಾಗಿದೆ.

ವಿಡಿಯೊ ಇವತ್ತೇ ತೆಗೆಯಿರಿ. ಮಕ್ಕಳನ್ನು ಒಪ್ಪಿಸುವುದಕ್ಕೆ ಬಾಗಿಲಿರುವ ಒಂದು ಕೋಣೆ ಕೊಡಿ. ನಿಮ್ಮ ಸಾರ್ಜೆಂಟರಿಗೆ ಕುರ್ಚಿಯಿಂದ ಪೂರ್ತಿ ಎದ್ದು ನಿಲ್ಲಲು ಅನುಮತಿ ಕೊಡಿ. ಅಲ್ಲಿಯವರೆಗೆ ರೊವೆನಾ ನಿಮ್ಮ ಠಾಣೆಗೆ ಬರುವುದಿಲ್ಲ. ಕಳೆದ ಭಾನುವಾರ ಮಗುವನ್ನು ಒಪ್ಪಿಸಿದ್ದು ಒಂದು ದಿನಸಿ ಅಂಗಡಿಯ ಬಾಗಿಲಲ್ಲಿ. ವಿಷಯ ತಿಳಿದ ಗಲ್ಲಾದ ಹೆಂಗಸು ಸಾಲಿನಲ್ಲಿದ್ದವರಿಗೆ “ಒಂದ್ನಿಮಿಷ ಇರ್ರಪ್ಪಾ” ಎಂದು ಹೇಳಿ, ಬಂದು ಪಕ್ಕದಲ್ಲಿ ನಿಂತುಕೊಂಡಳು. ಪಾಪ, ಆಕೆಗೆ ಯಾರೂ ತರಬೇತಿ ಕೊಟ್ಟಿಲ್ಲ.

ಇಂತಿ,
ಹೆಸರು, ವಿಳಾಸ ಹಾಕಲು ಧೈರ್ಯ ಸಾಲದ ನಾಗರಿಕಳು
(ಗುರುತು ಬೇಕಿದ್ದರೆ ನಿಮ್ಮ ಪುಟದಲ್ಲೇ ನೋಡಿ: ನೀಲಿ ಕೋಟಿನ ಹಿಂದೆ ಮುಖ ಕಾಣದವಳು.)