ಎಂಟು ದಿನಕ್ಕೊಮ್ಮೆ ನಳ ಬರುವ ಓಣಿ

ಬೆಟಗೇರಿ, ಮೂರನೆಯ ಮುಚ್ಚಿಗೆ ಓಣಿ
ಇಸವಿ ೨೨೬೧, ಗಾಳಿ ತಿಂಗಳ ನಲವತ್ತನಾಲ್ಕನೆಯ ದಿನ

ಎರಡು ಸಾವಿರದ ಇಪ್ಪತ್ತರ ಆಸುಪಾಸಿನಲ್ಲಿ ಬದುಕುತ್ತಿರುವ ಹಿರಿಯರಿಗೆ,

ತಾರೀಖು ನೋಡಿ ಇವಳಿಗೆ ಎಣಿಕೆ ಬರುವುದಿಲ್ಲ ಎಂದುಕೊಳ್ಳಬೇಡಿ. ನಮ್ಮ ತಿಂಗಳು ಲೆಕ್ಕಕ್ಕೆ ಮುಗಿಯುವುದಿಲ್ಲ. ಕಪ್ಪತಗುಡ್ಡದ ಕಡೆಯ ಗಾಳಿ ನಿಂತ ದಿನ ಮುಗಿಯುತ್ತದೆ, ಈ ಸಲ ಅದು ಇನ್ನೂ ನಿಂತಿಲ್ಲ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಿ. ಅಂಥ ಕಡೆ ನಿಂತು ವಿವರಿಸಿ ಮುಂದೆ ಹೋಗುತ್ತೇನೆ. ನಿಮ್ಮ ಮಾತುಗಳೂ ನಮಗೆ ಅಷ್ಟೇ ವಿಚಿತ್ರ. ‘ಟೈಮ್‌ಪಾಸ್’ ಎಂಬ ನಿಮ್ಮ ಪದ ಅರ್ಥವಾಗಲು ನನಗೆ ಒಂದು ವಾರ ಹಿಡಿಯಿತು.

ಇಂಥ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಸತ್ತವರ ಕಾಲದ ಬಗ್ಗೆ ಆಟ ಬರೆದವರು, ಅದನ್ನು ಊರ ಮುಂದೆ ಹಾಸುವ ಮೊದಲು, ಆ ಕಾಲದವರಿಗೊಂದು ಓಲೆ ಬರೆದು ಆಟಗಳಿಗೆ ಒಪ್ಪಿಗೆ ಕೊಡುವ ಆಟಮನೆಯ ಪೆಟ್ಟಿಗೆಗೆ ಹಾಕಬೇಕು. ಅದು ನಿಮ್ಮನ್ನು ತಲುಪುತ್ತದೆಂದು ಯಾರೂ ನಂಬಿಲ್ಲ. ಸತ್ತವರ ಬಗ್ಗೆ ಬರೆಯುವಾಗ ಕೈ ಹಗುರಾಗಬಾರದು ಎಂದು ಈ ಪದ್ಧತಿ. ಓಲೆಯಲ್ಲಿ ಏನು ಬೇಕಾದರೂ ಬರೆಯಬಹುದು, ಆದರೆ ‘ನಿಮ್ಮನ್ನು ಕ್ಷಮಿಸಿದ್ದೇವೆ’ ಎಂಬ ಸಾಲು ಇರಲೇಬೇಕು. ಆ ಸಾಲನ್ನು ನಾನು ಬರೆಯುವುದಿಲ್ಲ. ಕ್ಷಮಿಸಲು ನಾನು ಯಾರು ಎಂಬುದು ಒಂದು. ಕ್ಷಮಿಸಿದ್ದೇನೋ ಇಲ್ಲವೋ ನನಗೇ ಗೊತ್ತಿಲ್ಲ ಎಂಬುದು ಇನ್ನೊಂದು.

ನನ್ನ ಹೆಸರು ದಾಕ್ಷಿ ಹೊಂಬಳ. ವಯಸ್ಸು ಹತ್ತೊಂಬತ್ತು. ಹದಿನಾಲ್ಕಕ್ಕೆ ಶಾಲೆ ಬಿಟ್ಟೆ. ನಮ್ಮ ಶಾಲೆಯಲ್ಲಿ ಬೆಳಿಗ್ಗೆ ದೂರುಪಾಠ ಇರುತ್ತದೆ. ಎಲ್ಲರೂ ಸಾಲಾಗಿ ನಿಂತು ನಿಮ್ಮ ಮೇಲಿನ ದೂರುಗಳನ್ನು ಒಂದೇ ದನಿಯಲ್ಲಿ ಕೂಗಬೇಕು. ‘ನೀರು ಕುಡಿದು ಮುಗಿಸಿದರು, ನೆರಳು ಕಡಿದು ಮಾರಿದರು, ನಾವು ಬರುತ್ತೇವೆಂದು ನೆನೆಯಲಿಲ್ಲ’ ಎಂದು ಹೀಗೆ ಇಪ್ಪತ್ತೊಂದು ಸಾಲು. ಒಂದು ದಿನ ನಾನು ಬಾಯಿ ತೆರೆಯಲಿಲ್ಲ. ಪಾಠ ಹೇಳಿಸುತ್ತಿದ್ದವರು ಅನಸೂಯಾ ಅಕ್ಕೋರು. ಹತ್ತಿರ ಬಂದು, “ಯಾಕವ್ವಾ, ನೀ ಏನ್ ಅವರ ವಕೀಲಳೇನ?” ಎಂದರು. “ವಕೀಲಳಲ್ರೀ ಅಕ್ಕೋರ. ಎಲ್ಲಾರೂ ಹಂಗ ಮಾಡಿದ್ರೋ ಇಲ್ಲೋ ನನಗ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಕೂಗಾಕ ಬರಂಗಿಲ್ಲ” ಎಂದೆ. ಹನ್ನೊಂದು ದಿನ ನನ್ನನ್ನು ತರಗತಿಯ ಹೊರಗೆ ನಿಲ್ಲಿಸಿದರು. ಹನ್ನೆರಡನೆಯ ದಿನ ನಾನೇ ಹೋಗಲಿಲ್ಲ. ಅವ್ವ ಬೈದಳು, ಅತ್ತಳು, ಕೊನೆಗೆ ರೊಟ್ಟಿ ಬಡಿಯಲು ಕೂರಿಸಿದಳು. ನಾನು ಬಡಿದ ಮೂರನೆಯ ರೊಟ್ಟಿ ನೋಡಿ, “ಏಳ್, ಎದ್ದು ಹೋಗಿ ಏನರ ಬರ್ಕೋ ಹೋಗ್” ಎಂದಳು. ಆಟ ಬರೆಯುವವಳಾಗಿದ್ದು ಹೀಗೆ. ಇದರ ಹಿಂದೆ ದೊಡ್ಡ ಕಾರಣ ಏನೂ ಇಲ್ಲ.

ಆಟ ಬರೆಯುವುದು ನಮ್ಮಲ್ಲಿ ಒಂದು ಕಸುಬು. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ನಾವು ಬಿಸಿಲಿಗೆ ಬರುವಂತಿಲ್ಲ. ಅದಕ್ಕೆ ಮುಚ್ಚುಹೊತ್ತು ಎನ್ನುತ್ತೇವೆ. ಓಣಿಯ ಈ ಗೋಡೆಯಿಂದ ಆ ಗೋಡೆಗೆ ದಪ್ಪನೆಯ ಬಿಳಿ ಬಟ್ಟೆಯ ಮುಚ್ಚಿಗೆ ಕಟ್ಟಿರುತ್ತದೆ, ಅದರ ಕೆಳಗೆ ಊರೆಲ್ಲ ಕೂತಿರುತ್ತದೆ. ಮಗ್ಗಗಳು ಗಾಳಿ ಇದ್ದಾಗ ಮಾತ್ರ ಓಡುತ್ತವೆ. ಗಾಳಿ ಬಿದ್ದರೆ ನೇಕಾರರು ಅರ್ಧ ಸೀರೆಯಲ್ಲಿ ಕೈಬಿಟ್ಟು ಎದ್ದು ಬರುತ್ತಾರೆ. ಏಳು ತಾಸು ಮಲಗಬಹುದು, ಜಗಳವಾಡಬಹುದು. ಎರಡೂ ಬೇಸರವಾದಾಗ ಹಾಸಾಟ. ಹಾಸಾಟ ಎಂದರೆ ಕೋಣೆಯಷ್ಟು ಅಗಲದ ಒಂದು ಹಾಸು. ಅದರ ನೂಲಿಗೆ ಕಾಲಿನ ಭಾರ ತಿಳಿಯುತ್ತದೆ. ಆಡುವವರು ಚಪ್ಪಲಿ ಬಿಟ್ಟು ಅದರ ಮೇಲೆ ನಿಲ್ಲುತ್ತಾರೆ, ಕಿವಿಗೆ ಸಿಕ್ಕಿಸಿದ ಪುಟ್ಟ ಕಿವಿಮಣಿ ಕತೆ ಹೇಳುತ್ತದೆ. ಕತೆಯಲ್ಲಿ ಏನು ಮಾಡಬೇಕೆಂದು ಅನ್ನಿಸುತ್ತದೋ ಆ ಜಾಗಕ್ಕೆ ಹೆಜ್ಜೆ ಇಡಬೇಕು. ಮೆಟ್ಟಿದ ಕಡೆ ಹಾಸು ಕಪ್ಪಾಗುತ್ತದೆ, ಬಿಸಿಲಿಗೆ ಹರವಿದರೆ ಮತ್ತೆ ಬೆಳ್ಳಗಾಗುತ್ತದೆ. ನನ್ನ ಹಾಸುಗಳನ್ನು ನೇಯುವವರು ಪಕ್ಕದ ಮನೆಯ ಹುಸೇನಸಾಬ ನದಾಫ, ನನ್ನ ಹುಸೇನ ಮಾಮಾ. ಕಿವಿಮಣಿ ಹೇಳುವ ಮಾತು ನನ್ನದು.

ಈ ಐದು ವರ್ಷದಲ್ಲಿ ಒಂಬತ್ತು ಆಟ ಬರೆದಿದ್ದೇನೆ. ಮೊದಲನೆಯದರಲ್ಲಿ, ಆಡಲು ನಿಂತರೆ, ನೀವು ಗೋಡೆಯ ಮೇಲಿನ ಹಲ್ಲಿ. ದೀಪದ ಆ ಕಡೆಗೆ ಯಾವಾಗ ಹೋಗಬೇಕು ಎಂದು ತೀರ್ಮಾನಿಸುವುದಷ್ಟೇ ಆಟ. ಎರಡು ನಿಮಿಷಕ್ಕಿಂತ ಹೆಚ್ಚು ಯಾರೂ ನಿಲ್ಲಲಿಲ್ಲ. ಇನ್ನೊಂದರಲ್ಲಿ ನೀವು ಮದುವೆಯ ಅಡುಗೆಯವರು, ಸಾರಿಗೆ ಉಪ್ಪು ಹಾಕಿದ್ದೀರೋ ಇಲ್ಲವೋ ಮರೆತಿದೆ, ಅಂದು ಉಪವಾಸ, ರುಚಿ ನೋಡುವಂತಿಲ್ಲ. ಅದು ಅರ್ಧಕ್ಕೆ ನಿಂತಿದೆ, ಯಾಕೆಂದರೆ ಉತ್ತರ ನನಗೂ ಹೊಳೆದಿಲ್ಲ. ಸರದಿಸಾಲಿನ ಆಟ ಮಾತ್ರ ಮೂರು ತಿಂಗಳು ಓಡಿತು. ಸಾಲು ಮುಂದೆ ಹೋಗುವುದೇ ಇಲ್ಲ, ಯಾರ ಜೊತೆ ಮಾತಾಡುತ್ತೀರಿ ಎನ್ನುವುದೇ ಆಟ. ಮುಂದಿನ ಓಣಿಯ ಹೆಂಗಸರೂ ಬಂದು ಆಡಿದರು, ಇಬ್ಬರು ಅಲ್ಲೇ ಬೀಗರಾದರು. ಕೆಲಸವಿಲ್ಲದಾಗ ನಾನು ಜನರ ಕಾಲು ನೋಡುತ್ತಾ ಕೂರುತ್ತೇನೆ. ತಪ್ಪು ಎಂದು ಗೊತ್ತಿದ್ದ ಕಡೆಗೆ ಹೆಜ್ಜೆ ಇಡುವವರು ಮೊದಲು ಹಿಮ್ಮಡಿ ಎತ್ತುತ್ತಾರೆ, ಆಮೇಲೆ ಸುತ್ತ ನೋಡುತ್ತಾರೆ. ಇದನ್ನು ಹತ್ತು ಪುಟ ಬರೆದಿಟ್ಟಿದ್ದೇನೆ. ಅವ್ವ ಇದಕ್ಕೆ ಹುಚ್ಚು ಎನ್ನುತ್ತಾಳೆ. ಇರಬಹುದು.

ಈಗ ನಿಮ್ಮ ಆಟಕ್ಕೆ ಬರುತ್ತೇನೆ. ಅದರ ಹೆಸರು ‘ನಳ ಬಂತು’. ನಿಮ್ಮ ಕಾಲದ ಓಣಿಯವರು ಮೊಬೈಲುಗಳಲ್ಲಿ ಒಬ್ಬರಿಗೊಬ್ಬರು ಕಳಿಸಿಕೊಂಡ ಸಾಲುಗಳು ನಮ್ಮ ಹಳೆಯ ಉಗ್ರಾಣದಲ್ಲಿ ರಾಶಿ ಇವೆ. ‘ನಳ ಬಂತು’ ಎಂದು ಒಬ್ಬರು, ‘ನಮ್ಮ ಕಡೆ ಇನ್ನೂ ಹನಿ ಇಲ್ಲ’ ಎಂದು ಇನ್ನೊಬ್ಬರು. ಅವನ್ನು ಒಂದು ವರ್ಷ ಓದಿದೆ. ಆಟದಲ್ಲಿ ಏಳು ಮನೆಯ ಒಂದು ಓಣಿ ಇದೆ. ಎಂಟು ದಿನಕ್ಕೊಮ್ಮೆ ಒಂದು ತಾಸು ನಳ ಬರುತ್ತದೆ. ನಿಮ್ಮದು ಮೂರನೆಯ ಮನೆ. ನೀರು ಸಣ್ಣಗೆ ಬರುತ್ತಿದೆ, ಒಳಗೆ ಒಂದು ಮೋಟಾರ್ ಇದೆ. ಅದನ್ನು ನಳಕ್ಕೆ ಹಚ್ಚಿದರೆ ನಿಮ್ಮ ಬ್ಯಾರಲ್ ತುಂಬುತ್ತದೆ, ಏಳನೆಯ ಮನೆಗೆ ಗಾಳಿ ಮಾತ್ರ ಹೋಗುತ್ತದೆ. ಹಚ್ಚದಿದ್ದರೆ ನಿಮಗೆ ಅರ್ಧ ಬ್ಯಾರಲ್, ಆ ಕೊನೆಯ ಮನೆಗೆ ಎರಡು ಕೊಡ. ಹಚ್ಚಿದರೆ ಯಾರೂ ಬೈಯುವುದಿಲ್ಲ, ಬಿಟ್ಟರೆ ಯಾರೂ ಹೊಗಳುವುದಿಲ್ಲ. ಹೀಗೆ ಹನ್ನೊಂದು ಸಲ ನಳ ಬರುತ್ತದೆ. ಹನ್ನೆರಡನೆಯ ಸಲ ಬರುವುದಿಲ್ಲ.

ಊರಿಗೆ ಹಾಸುವ ಮೊದಲು ಆಟವನ್ನು ಏಳು ಜನ ಹಿರಿಯರು ಆಡಿ ನೋಡಬೇಕು. ಅವರಿಗೆ ಮೊದಲಡಿಯವರು ಎನ್ನುತ್ತೇವೆ. ಒಬ್ಬರು ಆಡಿದ ಮೇಲೆ ಹಾಸನ್ನು ಬಿಸಿಲಿಗೆ ಹಾಕಿ, ಹೆಜ್ಜೆ ಅಳಿಸಿ, ಆಮೇಲೆ ಇನ್ನೊಬ್ಬರನ್ನು ಕರೆಯಬೇಕು. ಒಬ್ಬರ ಹೆಜ್ಜೆ ಇನ್ನೊಬ್ಬರಿಗೆ ಕಾಣಬಾರದು. ಅಳಿಸುವುದು ಬರೆದವರ ಕೆಲಸ. ಆ ದಿನ ಬೆಳಿಗ್ಗೆ ಗಾಳಿ ಎದ್ದಿತ್ತು, ಹುಸೇನ ಮಾಮಾ ಮಗ್ಗಕ್ಕೆ ಓಡಿದರು, ಆ ಗದ್ದಲದಲ್ಲಿ ನಾನು ಮೊದಲ ಇಬ್ಬರ ಹೆಜ್ಜೆ ಅಳಿಸುವುದನ್ನು ಮರೆತೆ. ಮೂರನೆಯವರು ನಿಂತಾಗ ನೆನಪಾಯಿತು. ನೆನಪಾದ ಮೇಲೂ ಅಳಿಸಲಿಲ್ಲ. ಏನಾಗುತ್ತದೋ ನೋಡೋಣ ಎನ್ನಿಸಿತು.

ಏಳನೆಯವರು ಅನಸೂಯಾ ಅಕ್ಕೋರು. ಶಾಲೆಯಿಂದ ನಿವೃತ್ತರಾಗಿ ಈಗ ಆಟಮನೆಗೆ ಅವರೇ ಹಿರಿಯರು. ಅವರು ಹಾಸಿನಿಂದ ಇಳಿದಾಗ ಎಲ್ಲರೂ ಬಗ್ಗಿ ನೋಡಿದರು. ಮೋಟಾರಿನ ಜಾಗದಲ್ಲಿ ಹೆಜ್ಜೆಯ ಮೇಲೆ ಹೆಜ್ಜೆ ಬಿದ್ದು ಹಾಸು ಕಾಡಿಗೆಯಂತೆ ಕಪ್ಪಾಗಿತ್ತು. ಬರಿಯ ನಳದ ಜಾಗ ನೇಯ್ದ ದಿನದಷ್ಟೇ ಬೆಳ್ಳಗಿತ್ತು. ಯಾರೋ ಸಣ್ಣಗೆ ನಕ್ಕರು. ಆಮೇಲೆ ಯಾರೂ ನಗಲಿಲ್ಲ.

“ನೀ ಹಾಸು ಒಣಗಸಲಿಲ್ಲ?” ಎಂದರು ಅಕ್ಕೋರು.

ಮರೆತೆ ಎಂದಿದ್ದರೆ ಮುಗಿಯುತ್ತಿತ್ತು. “ಮೊದಲ ಎರಡು ಸಲ ಮರ್ತೆ ರೀ. ಆಮ್ಯಾಲ ಬೇಕಂತ ಬಿಟ್ಟೆ” ಎಂದೆ. ಗಾಳಿ ಬಿದ್ದು ಮಗ್ಗದಿಂದ ಬಂದಿದ್ದ ಹುಸೇನ ಮಾಮಾ ಹಿಂದಿನಿಂದ, “ಯವ್ವಾ, ನಿನ್ನ ಬಾಯಿಗೊಂದು ಮುಚ್ಚಿಗಿ ನೇಯ್ದು ಕೊಡ್ಲೇನ?” ಎಂದು ಗೊಣಗಿದರು.

ಅಕ್ಕೋರ ಮುಖ ಕೆಂಪಾಯಿತು. “ನಮ್ಮನ್ನ ಹಾಸಿನ ಮ್ಯಾಲೆ ನಿಂದರಿಸಿ ಮಾನ ಕಳದಿ. ಹಿಂದಿನವರ ಹೆಜ್ಜಿ ಕಂಡು ನಾವು ಅಲ್ಲೇ ಕಾಲಿಟ್ವಿ. ಅದು ನಮ್ಮ ಮನಸಲ್ಲ, ನಿನ್ನ ಮೋಸ.” ಅವರು ಹೇಳಿದ್ದರಲ್ಲಿ ಅರ್ಧ ನಿಜ. ಕೊನೆಯ ಆರು ಜನ ನಿಂತದ್ದು ಹಿಂದಿನ ಹೆಜ್ಜೆ ನೋಡಿಯೇ ಇರಬಹುದು. ಆದರೆ ಆ ಮಾತು ಕೇಳಿದೊಡನೆ ನನ್ನ ಆಟದಲ್ಲಿ ಏನು ತಪ್ಪಿತ್ತೆಂದು ಹೊಳೆಯಿತು. ನಾನು ನಿಮ್ಮನ್ನು ಒಬ್ಬರೇ ನಿಂತು ಯೋಚಿಸುವವರಂತೆ ಬರೆದಿದ್ದೆ. ನೀವು ಹಾಗೆ ಎಲ್ಲಿ ನಿಂತಿದ್ದಿರಿ? ಪಕ್ಕದ ಮನೆಯ ಮೋಟಾರಿನ ಸದ್ದು ಗೋಡೆಯಾಚೆ ಕೇಳುತ್ತಿತ್ತು. ಅವರು ಹಚ್ಚಿದ್ದಾರೆ, ನಾನು ಬಿಟ್ಟರೆ ನನ್ನ ನೀರೂ ಅವರಿಗೇ ಹೋಗುತ್ತದೆ ಎಂದು ನೀವೂ ಹಚ್ಚಿದಿರಿ, ನಿಮ್ಮ ಸದ್ದು ಆಚೆ ಮನೆಗೆ ಕೇಳಿತು. ಅದೇ ಸಂಜೆ ಆ ಸದ್ದನ್ನು ಆಟಕ್ಕೆ ಸೇರಿಸಿದೆ. ಅದನ್ನು ಬರೆಸಿಕೊಟ್ಟವರು ಅಕ್ಕೋರೇ. ಅವರಿಗೆ ಹಾಗೆಂದು ಹೇಳಿದೆ. ಅದೂ ಅವರಿಗೆ ಹಿಡಿಸಲಿಲ್ಲ.

ಮೂರು ದಿನ ಬಿಟ್ಟು ಆಟಮನೆಯಿಂದ ಕರೆ ಬಂತು. ಮೋಟಾರ್ ಹಚ್ಚದವರ ಬ್ಯಾರಲ್ ಕೊನೆಗೆ ತಾನಾಗಿ ತುಂಬುವಂತೆ ಬರೆದರೆ ಒಪ್ಪಿಗೆಯ ಮೊಹರು ಒತ್ತುತ್ತೇವೆ ಎಂದರು. ಒಳ್ಳೆಯವರು ಗೆಲ್ಲಬೇಕಂತೆ. ಆಗ ಯಾರು ತಾನೇ ಹಚ್ಚುತ್ತಾರೆ? ಬ್ಯಾರಲ್ ತುಂಬುತ್ತದೆಂದು ಗೊತ್ತಿದ್ದರೆ ಒಳ್ಳೆಯತನಕ್ಕೆ ಕೆಲಸವೇನು? ಆಗುವುದಿಲ್ಲ ಎಂದೆ. ಅಕ್ಕೋರು ಈ ಸಲ ಸಿಟ್ಟಾಗಲಿಲ್ಲ, ನನ್ನನ್ನು ಕೂರಿಸಿ ಮೆಲ್ಲಗೆ ಕೇಳಿದರು. “ನನ್ನ ಮೊಮ್ಮಗಳು ಈ ಹಾಸಿನ ಮ್ಯಾಲೆ ನಿಂತು ಮೋಟಾರ್ ಹಚ್ಚಿದ್ಲು ಅನ್ನು. ನಾಳೆ ಮುಂಜಾನೆ ದೂರುಪಾಠ ಯಾವ ಬಾಯಿಲೆ ಹೇಳ್ತಾಳವಾ?”

“ಅದಕ್ಕ ರೀ ಅಕ್ಕೋರ. ಅದಕ್ಕ ಬರ್ದೀನಿ.”

ಇದರಿಂದ ನೀವು ಪಾರಾದಿರಿ ಎಂದು ತಿಳಿಯಬೇಡಿ. ನಾನು ಆಗಲೂ ನಿಮ್ಮ ವಕೀಲಳಾಗಿರಲಿಲ್ಲ, ಈಗಲೂ ಅಲ್ಲ. ಏಳನೆಯ ಮನೆಯವರಿಗೆ ನೀರಿಲ್ಲ ಎಂಬುದು ನಿಮಗೆ ಗೊತ್ತಿತ್ತು, ನೀವೇ ಬರೆದ ಸಾಲುಗಳಲ್ಲಿ ಇದೆ. ನನ್ನ ಗಂಟಲು ಒಣಗಿದಾಗಲೆಲ್ಲ ಅದು ನೆನಪಾಗುತ್ತದೆ. ಆದರೆ ನಿಮ್ಮ ಜಾಗದಲ್ಲಿ ಕಾಲಿಟ್ಟು ನೋಡದೆ ನಿಮ್ಮನ್ನು ಬೈಯುವುದು ಸುಲಭದ ಕೆಲಸ. ಸುಲಭದ ಕೆಲಸವನ್ನು ಪ್ರತಿ ಬೆಳಿಗ್ಗೆ ಸಾಲಾಗಿ ನಿಂತು ಮಾಡುವುದಕ್ಕೆ ಪಾಠ ಎಂದು ಹೆಸರಿಡಲು ನಾನು ಒಪ್ಪುವುದಿಲ್ಲ.

ಹಾಗಾಗಿ ಮೊಹರಿಲ್ಲದೆ ನಾಳೆ ಮುಚ್ಚುಹೊತ್ತಿಗೆ ನಮ್ಮ ಓಣಿಯ ನಡುವೆ ಹಾಸುತ್ತೇನೆ. ಸಂಜೆ ಆಟಮನೆಯವರು ಬಂದು ಹಾಸನ್ನು ಎಳೆಎಳೆಯಾಗಿ ಬಿಚ್ಚಿ ನೂಲನ್ನು ಮಗ್ಗಕ್ಕೆ ಹಿಂತಿರುಗಿಸುತ್ತಾರೆ, ಮೂರು ವರ್ಷ ನನಗೆ ಬರೆಯಲು ಬಿಡುವುದಿಲ್ಲ. ನಿಯಮ ಹಾಗಿದೆ. ನನಗೆ ಬೇರೆ ಕೆಲಸ ಬರುವುದಿಲ್ಲ, ಶಾಲೆಯ ಕಾಗದವೂ ಇಲ್ಲ. ಹೆದರಿಕೆ ಇದೆ, ಇಲ್ಲವೆಂದರೆ ಸುಳ್ಳು. ಏಳು ತಾಸಿನಲ್ಲಿ ಎಷ್ಟು ಜನ ಆಡುತ್ತಾರೋ ಅಷ್ಟು ಸಾಕು.

ಅದಕ್ಕೆ ಮೊದಲು ಒಂದು ಕೆಲಸ ಮಾಡಿದ್ದೇನೆ, ಅದನ್ನು ನಿಮಗೆ ಹೇಳಲೇಬೇಕು. ಆಟದ ಐದನೆಯ ಮನೆಯಲ್ಲಿ ಒಬ್ಬ ಹೆಂಗಸಿದ್ದಳು. ನಾಲ್ಕನೆಯ ಸಲ ನಳ ಬಂದಾಗ ಅವಳು ಮನೆಮನೆಯ ಬಾಗಿಲು ಬಡಿಯುತ್ತಿದ್ದಳು. “ಮೋಟಾರ್ ತಗೀತೀರೋ, ಇಲ್ಲಾ ನಿಮ್ಮ ಹೊಸ್ತಿಲ ಮ್ಯಾಲೆ ಕುಂದರ್ಲೋ? ಕುಂತ್ರ ಊಟಾನೂ ನೀವ ಹಾಕ್ಬೇಕು ನೋಡ್ರಿ, ನಾ ಮೂರು ರೊಟ್ಟಿಗಿಂತ ಕಡಿಮಿ ತಿನ್ನಂಗಿಲ್ಲ!” ಮೊದಲಡಿಯವರು ಏಳೂ ಜನ ಅವಳ ಮಾತಿಗೆ ನಕ್ಕರು. ಇಬ್ಬರು ಕಣ್ಣು ಒರೆಸಿಕೊಂಡರು. ಮೋಟಾರಿನ ಜಾಗದಿಂದ ಕಾಲು ಮಾತ್ರ ಯಾರೂ ತೆಗೆಯಲಿಲ್ಲ. ಅವಳನ್ನೇ ಮುಂದಿಟ್ಟು, ಅವಳನ್ನು ಗೆಲ್ಲಿಸು ಎಂದು ಅಕ್ಕೋರು ಕೇಳಿಕೊಂಡರು. ನಾನು ಬರೆದ ಒಂಬತ್ತು ಆಟಗಳಲ್ಲಿ ನನಗೆ ಅವಳಷ್ಟು ಇಷ್ಟವಾದವರು ಬೇರೆ ಯಾರೂ ಇಲ್ಲ. ಆದರೆ ಅವಳು ನಾನು ಕಟ್ಟಿದವಳು. ಒಂದು ವರ್ಷ ನಿಮ್ಮ ಸಾಲುಗಳನ್ನು ಓದಿದೆ, ಮೋಟಾರುಗಳು ಸಿಕ್ಕವು, ಬೈಗುಳ ಸಿಕ್ಕಿತು, ಬಾಗಿಲು ಬಡಿದ ಹೆಂಗಸು ಸಿಗಲಿಲ್ಲ. ಇಲ್ಲದವಳನ್ನು ಇದ್ದಳೆಂದು ತೋರಿಸಿದರೆ ಅದೂ ದೂರುಪಾಠದಷ್ಟೇ ಸುಳ್ಳು, ಕೇಳಲು ಹಿತವಾಗಿರುತ್ತದೆ ಅಷ್ಟೆ.

ನಿನ್ನೆ ಹುಸೇನ ಮಾಮಾ ಐದನೆಯ ಮನೆಯ ಜಾಗದಲ್ಲಿ ಅಡ್ಡನೂಲನ್ನೆಲ್ಲ ಎಳೆದು ತೆಗೆದರು. ಅಲ್ಲೀಗ ಉದ್ದೆಳೆಗಳು ಮಾತ್ರ ಇವೆ. ಕಾಲಿಟ್ಟರೆ ಬೆರಳು ಸಿಕ್ಕಿಕೊಳ್ಳುತ್ತದೆ, ಕಿವಿಯಲ್ಲಿ ಏನೂ ಕೇಳುವುದಿಲ್ಲ. ಎಡವಿದವರು ಇಲ್ಲಿ ಯಾರಿದ್ದರು ಎಂದು ಕೇಳಲಿ.

ನಿಮ್ಮ ಓಣಿಯಲ್ಲಿ ಅಂಥವಳೊಬ್ಬಳು ಇದ್ದರೆ ಬರೆದಿಡಿ. ಹೆಸರು, ಯಾವ ಮನೆ, ಏನೆಂದಳು, ನೀವು ಏನು ಉತ್ತರ ಕೊಟ್ಟಿರಿ, ಎಲ್ಲವನ್ನೂ. ಚಂದ ಮಾಡಲು ಹೋಗಬೇಡಿ. ಆ ಕಾಗದ ನಮಗೆ ಸಿಕ್ಕ ದಿನ ಎಷ್ಟು ವರ್ಷವಾಗಿದ್ದರೂ ಆ ಜಾಗವನ್ನು ನೇಯುತ್ತೇವೆ. ಅಂಥವಳು ಇಲ್ಲದಿದ್ದರೆ ಇಲ್ಲವೆಂದೇ ಬಿಡಿ. ನಮ್ಮ ಸಮಾಧಾನಕ್ಕೆ ಅವಳನ್ನು ಹುಟ್ಟಿಸಬೇಡಿ. ಅದನ್ನು ನಾನು ಒಮ್ಮೆ ಮಾಡಿ ನೋಡಿದ್ದೇನೆ.

ದಾಕ್ಷಿ ಹೊಂಬಳ
ಆಟ ಬರೆಯುವವಳು, ನಾಳೆ ಸಂಜೆಯವರೆಗಂತೂ